ಬಿಲ್ಲೆ

ಶಾಖ್ತಿನ್ಸ್ಕ್ ಊರಾಚೆ, ಮುಚ್ಚಿದ ಕಲ್ಲಿದ್ದಲ ಗಣಿಯ
ಲಾಂದ್ರದ ಕೋಣೆಯಲ್ಲಿ ಈಗ
ನಾನೂರ ಹನ್ನೆರಡು ಯಂತ್ರಗಳು ಕೂತು ಉಸಿರುಬಿಡುತ್ತವೆ.
ಹೊರಗೆ ಮೈನಸ್ ಮೂವತ್ತೊಂದು.
ಒಳಗೆ ನಾನು, ತೋಳಿಲ್ಲದ ಅಂಗಿಯಲ್ಲಿ ಬೆವರುತ್ತಾ.
ಇದನ್ನೂ ಗಣಿಯೆನ್ನುತ್ತಾರೆ ಎಂದಾಗ
ಅಪ್ಪ ನನ್ನ ಉಗುರು ನೋಡಿದ.
ಮಸಿ ಇರಲಿಲ್ಲ.

ನಾವು ಅಗೆಯುವುದು ಸಣ್ಣ ನಾಣ್ಯ,
ಹೆಸರು ಹೇಳಿದರೆ ನಗುತ್ತೀರಿ.
ರಾತ್ರಿಗೆ ಒಂದೆರಡು ಬ್ಲಾಕು ನಮ್ಮ ಪಾಲಿಗೆ.
ಒಂದೂವರೆಗೆ ಮಾಲೀಕ ಕೈರ್ಗೆಲ್ದಿಯ ಫೋನು, ಅಲ್ಮಾಟಿಯಿಂದ:
"ಬೋತಾಗೋಜ್, ಹೊಸ ನಿಯಮ ಬರ್ತಿದೆಯಂತೆ,
ಎಲ್ಲರೂ ಕೈ ಎತ್ತುತ್ತಿದ್ದಾರೆ, ನಾವೂ ಎತ್ತಿಬಿಡೋಣ."

ಕೈ ಎತ್ತುವುದೆಂದರೆ ಇಷ್ಟೇ:
ಬ್ಲಾಕಿನ ನೆತ್ತಿಯಲ್ಲಿ ಸೊನ್ನೆ ಒಂದುಗಳ ಸಣ್ಣ ಸಾಲು,
ಅದರಲ್ಲೊಂದು ಸೊನ್ನೆಯನ್ನು ಒಂದು ಮಾಡುವುದು.
ನಾನು ಸಿದ್ಧ ಎಂದು ಅದರರ್ಥ.
ಎರಡು ವಾರ ಎಣಿಸುತ್ತಾರೆ.
ಎಣಿಸುವ ಶಾನುಭೋಗ ಯಾರೂ ಇಲ್ಲ,
ಎಲ್ಲರ ಯಂತ್ರವೂ ತಂತಮ್ಮ ಮೂಲೆಯಲ್ಲೇ ಎಣಿಸಿಕೊಳ್ಳುತ್ತದೆ.
ಎರಡು ಸಾವಿರದ ಹದಿನಾರರಲ್ಲಿ
ಸಾವಿರದ ಒಂಬೈನೂರ ಹದಿನಾರು ಕೈ ಎದ್ದರೆ
ನಿಯಮ ಹೊಸ್ತಿಲು ದಾಟಿದಂತೆ.
ಒಂದು ಕಡಿಮೆಯಾದರೂ ಮತ್ತೆ ಒಂದರಿಂದ ಎಣಿಕೆ.

"ಹೊಸ ತಂತ್ರಾಂಶ ಇನ್ನೂ ಹಾಕಿಲ್ಲ," ಅಂದೆ.
"ಬಂದ ಬ್ಲಾಕು ನಿಯಮದಂತಿದೆಯೋ ಇಲ್ಲವೋ
ನಮ್ಮ ಯಂತ್ರಕ್ಕೆ ಗೊತ್ತೇ ಆಗೋದಿಲ್ಲ."
"ಅದು ಆಮೇಲೆ. ಮೊದಲು ಕೈ."

ಕತೆ ಕೇಳುತ್ತಾ ನಿದ್ದೆಹೋದ ಮಗು
ಹ್ಞೂಂ, ಹ್ಞೂಂ ಅನ್ನುತ್ತಲೇ ಇರುತ್ತದಲ್ಲ,
ಅಂಥದೊಂದು ಹ್ಞೂಂ ಸಾಕಾಗಿತ್ತು ಅವನಿಗೆ.

ಈ ಗೋಡೆಯ ಮೇಲೆ ಹಳೆಯ ಹಲಗೆ ಇನ್ನೂ ಇದೆ.
ಸಾಲು ಸಾಲು ಮೊಳೆ, ಮೊಳೆಯ ಮೇಲೊಂದು ಸಂಖ್ಯೆ.
ಇಳಿಯುವಾಗ ಹಿತ್ತಾಳೆ ಬಿಲ್ಲೆ ಜೇಬಿಗೆ,
ಹತ್ತಿ ಬಂದಮೇಲೆ ಮೊಳೆಗೆ.
ಖಾಲಿ ಮೊಳೆಯೆಂದರೆ ಒಬ್ಬ ಮನುಷ್ಯ ಕೆಳಗಿದ್ದಾನೆ.
ಓದು ಬಾರದವರಿಗೂ ತಿಳಿಯುವ ವ್ಯಾಕರಣ.

ಒಂದು ಸಂಬಳದ ಸಂಜೆ ಡೆರ್ಕ್ಸೆನ್
ಅಪ್ಪನ ಕೈಗೆ ತನ್ನ ಬಿಲ್ಲೆ ಕೊಟ್ಟ:
"ಥರ್ಮಾಸು ಮರೆತೆ, ಎರಡೇ ನಿಮಿಷ,
ನಂದೂ ಹಾಕಿಬಿಡು ಸೆರಿಕ್ಕಲಿ."
ಅಪ್ಪ ಎರಡನ್ನೂ ಹಾಕಿದ.
ಹಲಗೆ ತುಂಬಿತು. ಗುಮಾಸ್ತ ಪುಸ್ತಕ ಮುಚ್ಚಿದ.
ಆಮೇಲೆ ಮೂರನೆಯ ಸುರಂಗದ ಮಾಡು ಕುಸಿಯಿತು.
ಯಾರೂ ಹುಡುಕಲಿಲ್ಲ,
ಯಾರೂ ಕಳೆದಿರಲಿಲ್ಲವಲ್ಲ.
ಅವನ ಹೆಂಡತಿ ಗೇಟಿಗೆ ಬಂದು ಕೇಳುವ ಹೊತ್ತಿಗೆ
ಹನ್ನೊಂದು ಗಂಟೆ ಕಳೆದಿತ್ತು.
ಅಪ್ಪ ಇದನ್ನು ನನಗೆ ಹೇಳಿಲ್ಲ.
ಊಟಕ್ಕೆ ಕೂತಾಗ ತಟ್ಟೆಗಳನ್ನು ಎರಡು ಸಲ ಎಣಿಸುತ್ತಾನೆ,
ಅಷ್ಟೇ. ಹೇಳಿದ್ದು ಅಮ್ಮ.

ಸೊನ್ನೆಯನ್ನು ಮುಟ್ಟದೆ ತಂತ್ರಾಂಶ ಇಳಿಸತೊಡಗಿದೆ.
ಇಲ್ಲಿಯ ಇಂಟರ್ನೆಟ್ಟು ಗೊತ್ತಲ್ಲ,
ಗಾಳಿ ಬೀಸಿದರೆ ಅದೂ ಒರಗುತ್ತದೆ.
ನಲವತ್ತು ಪರ್ಸೆಂಟಾಗಿತ್ತು, ಮೂರು ಗಂಟೆ ಏಳು ನಿಮಿಷ,
ಹಿಂದಿನ ಸಾಲಿನ ಯಾವುದೋ ಯಂತ್ರಕ್ಕೆ ಬ್ಲಾಕು ಸಿಕ್ಕಿತು.
ಸಿಕ್ಕಿದ ಹಾಗೆಯೇ ಹೋಯಿತು ಲೋಕಕ್ಕೆ, ಸೊನ್ನೆ ಹೊತ್ತು.

"ಒಂದು ಕೈ ದಂಡ," ಎಂದು ಬರೆದ ಕೈರ್ಗೆಲ್ದಿ,
ಜೊತೆಗೊಂದು ಕೆಂಪು ಮುಖ.
ಎಣಿಸುವವರಿಗೆ ಅದು ಒಲ್ಲೆ.
ಸೊನ್ನೆಗೆ ಬೇರೆ ದನಿಯಿಲ್ಲ:
ಒಲ್ಲೆ, ಇನ್ನೂ ಇಲ್ಲ, ಮಲಗಿದ್ದೆ,
ಮೂರಕ್ಕೂ ಅದೇ ದುಂಡು ಬಾಯಿ.
ಇನ್ನು ಅದನ್ನು ತಿದ್ದುವಂತಿಲ್ಲ, ನಾನೂ, ಅವನೂ.
ಸಾಲಿನಲ್ಲೊಂದು ಖಾಲಿ ಮೊಳೆ.

ನಾಲ್ಕೂ ಮುಕ್ಕಾಲಿಗೆ ಎಲ್ಲ ಹೂಡಿ,
ಹಳೆಯ ಬ್ಲಾಕುಗಳನ್ನು ತಿನ್ನಿಸಿ, ಜೀರ್ಣವಾಯಿತೇ ನೋಡಿ,
ಒಂದು ಬರೆದೆ.
ಫ್ಯಾನುಗಳ ಸದ್ದು ಏನೂ ಬದಲಾಗಲಿಲ್ಲ.

ಐದಕ್ಕೆ ಅಪ್ಪನ ಫೋನು, ದಿನದಂತೆ.
ದಿನದಂತೆ ಒಂದೇ ಪ್ರಶ್ನೆ:
"ಹತ್ತಿ ಬಂದೆಯಾ?"
ಪಾಳಿ ಮುಗಿಯಲು ಇನ್ನೊಂದು ಗಂಟೆಯಿತ್ತು.
ನೆಲದ ಮೇಲೆಯೇ ನಿಂತು ಹೇಳಿದೆ,
"ಇನ್ನೂ ಇಲ್ಲ."